ಕಶ್ಯಪನ ಕರ್ನೆಲ್ಲಿಗೆ ರಾಹುಕಾಲ

ಕಶ್ಯಪ ತನ್ನ ವಿಸಿಟಿಂಗ್ ಕಾರ್ಡಿನ ಮೇಲೆ ‘ಕರ್ನೆಲ್ ಇಂಜಿನಿಯರ್’ ಎಂದು ಬಂಗಾರದ ಬಣ್ಣದಲ್ಲಿ ಅಚ್ಚು ಹಾಕಿಸದೇ ಇದ್ದಿದ್ದರೆ, ಠಾಣೆ ಶಹರದ ನೌಪಾಡಾದಲ್ಲಿ ಆ ಗುರುವಾರ ಸಂಜೆ ಉಳಿದ ಗುರುವಾರಗಳ ಹಾಗೆಯೇ ಸಾಂಬಾರಿನ ಘಮದಲ್ಲಿ ಕಳೆದುಹೋಗುತ್ತಿತ್ತು. ಆದರೆ ಹಾಕಿಸಿದ. ಹಾಕಿಸಿದ್ದಲ್ಲದೆ, ಮೊದಲನೆಯ ಕಾರ್ಡನ್ನು ತೆಗೆದುಕೊಂಡು ಹೋಗಿ ಸೋದರಮಾವ ವಿಷ್ಣುಮೂರ್ತಿಯವರ ಹೋಟೆಲಿನ ಗಲ್ಲೆಯ ಮೇಲೆ, ದೇವರ ಫೋಟೋದ ಪಕ್ಕದಲ್ಲಿ ನಿಲ್ಲಿಸಿದ.

ಅಸಲಿಗೆ ಅವನು ಘಣಸೋಲಿಯ ಒಂದು ಕಂಪನಿಯ ಹೆಲ್ಪ್‌ಡೆಸ್ಕಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಫೋನ್ ಮಾಡಿದವರಿಗೆಲ್ಲ ‘ಒಂದ್ಸಲ ಆಫ್ ಮಾಡಿ ಆನ್ ಮಾಡಿ’ ಎಂದು ಹೇಳುವ ಉದ್ಯೋಗದಲ್ಲಿದ್ದ. ಈ ಒಂದೇ ಡೈಲಾಗಿನ ಪಾತ್ರ ಮಾಡಿ ಮಾಡಿ ಅವನಿಗೆ ಸಾಕಾಗಿತ್ತು. ಹೀರೋ ಆಗಬೇಕು ಅನ್ನಿಸಿತ್ತು. ವೀಡಿಯೊ ನೋಡಿ ನೋಡಿ, ಕಂಪ್ಯೂಟರಿನ ಕರ್ನೆಲ್ಲನ್ನು ಸ್ವಂತ ಕೈಯಿಂದ ಕಟ್ಟುವುದನ್ನು ಕಲಿತ. ಪೂರ್ತಿ ಕಲಿತನೇ ಎಂಬ ಪ್ರಶ್ನೆಯನ್ನು ಮುಂದಕ್ಕೆ ಇಟ್ಟುಕೊಳ್ಳೋಣ.

ಅದೇ ಹೊತ್ತಿಗೆ ಮಾವ ಗಲ್ಲೆಯ ಕಂಪ್ಯೂಟರನ್ನು ಬೈಯುತ್ತಿದ್ದರು.

“ಎಂತ ಸಾವು ಮಾರಾಯ ಇದು! ನಾನು ಶಟರ್ ತೆಗೆದು, ದೇವರಿಗೆ ದೀಪ ಹಚ್ಚಿ, ಒಂದು ಕಾಪಿ ಕುಡಿದ್ರೂ ಇದಿನ್ನೂ ಏಳ್ಲಿಕ್ಕಿಲ್ಲ.”

“ಮಾವ, ಟೆನ್ಶನ್ ಮತ್ ಲೋ. ಕರ್ನೆಲ್ ಬದಲಾಯಿಸೋಣ.”

“ಕರ್ನೆಲ್ ಅಂದ್ರೆ ಎಂತ?”

“ನಿಮ್ಮ ಗಿರಾಕಿಗೆ ಕಾಣೋದು ವೇಟರ್ ಭೀಮು. ಒಳಗೆ ಭಟ್ರಿಲ್ದಿದ್ರೆ ಭೀಮು ಏನು ತರ್ತಾನೆ? ಖಾಲಿ ಪ್ಲೇಟು. ಕಂಪ್ಯೂಟರಿನ ಒಳಗೆ ಕೂತಿರೋ ಭಟ್ರೇ ಕರ್ನೆಲ್ಲು.”

“ಈಗ ಇರುವ ಭಟ್ರಿಗೆ ಎಂತ ಆಗಿದೆ?”

“ಅವರಿಗೆ ಇಡೀ ದುನಿಯಾದ ಅಡುಗೆ ಗೊತ್ತು ಮಾವ. ಅದಕ್ಕೇ ಏಳೋದು ಲೇಟು. ನಿಮ್ಮ ಹೋಟೆಲಿಗೆ ಎಷ್ಟು ಬೇಕೋ ಅಷ್ಟೇ ಕಲ್ತಿರೋ ಭಟ್ರನ್ನ ನಾನು ರೆಡಿ ಮಾಡ್ತೀನಿ. ಪಾರ್ಸೆಲ್ ಥರ ಪ್ಯಾಕ್ ಮಾಡಿ ಇಲ್ಲಿಗೂ ಕೊಡ್ತೀನಿ, ಡೊಂಬಿವಲಿ ಬ್ರಾಂಚಿಗೂ ಕೊಡ್ತೀನಿ. ಪಾರ್ಸೆಲ್ ಜೊತೆ ಒಂದು ಚೀಟಿ ಇರುತ್ತೆ. ಬಿಚ್ಚೋ ಮೊದಲು ಇದನ್ನ ಮಾಡು, ಬಿಚ್ಚಿದ ಮೇಲೆ ಅದನ್ನ ಮಾಡು ಅಂತ. ಅದಕ್ಕೆ ಸ್ಕ್ರಿಪ್ಟ್ ಅಂತಾರೆ.”

ಚೀಟಿ ಎಂದ ಕೂಡಲೇ ಮಾವನಿಗೆ ಆಸಕ್ತಿ ಬಂತು. ಹೋಟೆಲಿನಲ್ಲಿ ಅವರ ಕಾನೂನುಗಳು ಗೋಡೆಯಷ್ಟೇ ಹಳೆಯವು.

“ಹಾಗಾದ್ರೆ ಎರಡು ಮಾತು ಬರಿ. ಒಂದು, ನಮ್ಮಲ್ಲಿ ನಿನ್ನೆಯ ಸಾಂಬಾರು ಇಡುವ ಕ್ರಮ ಇಲ್ಲ. ಹೊಸದು ಬಂತಾ, ಹಳೇದು ಹೊರಗೆ. ಇನ್ನೊಂದು, ರಾಹುಕಾಲದಲ್ಲಿ ಹೊಸ ಕೆಲಸ ಶುರು ಮಾಡ್ಲಿಕ್ಕಿಲ್ಲ. ನಿನ್ನ ಭಟ್ರಿಗೂ ಅದೇ ರೂಲು.”

ಬೇರೆ ಯಾವ ಇಂಜಿನಿಯರ್ ಆದರೂ ಇಲ್ಲಿ ನಕ್ಕು ಸುಮ್ಮನಾಗುತ್ತಿದ್ದ. ಕಶ್ಯಪ ಸುಮ್ಮನಾಗುವ ಗಂಡಸಲ್ಲ. ಅಕ್ಷರಶಃ ಬರೆದ. ಹೊಸ ಕರ್ನೆಲ್ ಕೂತ ಕೂಡಲೇ ಹಳೆಯದನ್ನು ಅಳಿಸಿಹಾಕು ಎಂದು ಸ್ಕ್ರಿಪ್ಟಿಗೆ ಹೇಳಿದ. ‘ಹಳೆಯದು ಇರಲಿ, ಆಪತ್ತಿಗೆ ಬೇಕಾಗಬಹುದು, ನಿಜವಾಗಿ ತೆಗೆಯಲೇ?’ ಎಂದು ಯಂತ್ರ ಅಂಗಲಾಚಿ ಕೇಳಿದಾಗ, ಆ ಪ್ರಶ್ನೆಯನ್ನೇ ಮುಂದೆ ಕೇಳದಂತೆ ಬಾಯಿ ಮುಚ್ಚಿಸಿದ. ಆಮೇಲೆ ವಾರದ ಏಳೂ ದಿನದ ರಾಹುಕಾಲವನ್ನು ಮಾವನಿಂದ ಬಾಯಿಪಾಠ ಹೇಳಿಸಿಕೊಂಡು, ಆ ಹೊತ್ತಿನಲ್ಲಿ ಯಂತ್ರ ಏಳಲು ಹೋದರೆ ಕಣ್ಣು ಬಿಡುವ ಮೊದಲೇ ತಡೆದು ಕೂರಿಸುವ ಏರ್ಪಾಡನ್ನೂ ಪಾರ್ಸೆಲ್ಲಿನೊಳಗೆ ತುರುಕಿದ.

ಇಷ್ಟಕ್ಕೆ ನಿಲ್ಲಿಸಿದ್ದರೂ ಮಾನ ಅರ್ಧ ಉಳಿಯುತ್ತಿತ್ತು. ಆದರೆ ಸ್ಕ್ರಿಪ್ಟ್ ಅಂದಮೇಲೆ ಪಂಚ್ ಡೈಲಾಗ್ ಇಲ್ಲದಿದ್ದರೆ ಹೇಗೆ? ರಾಹುಕಾಲದಲ್ಲಿ ಪರದೆ ಖಾಲಿ ಇರಬಾರದೆಂದು, ಗಲ್ಲೆಯ ಮೇಲಿನ ಪರದೆಗೂ ಗಿರಾಕಿಗಳ ಕಡೆಗೆ ತಿರುಗಿದ ದೊಡ್ಡ ಪರದೆಗೂ ಸೇರಿಸಿ, ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೀಗೆ ಬರೆದಿಟ್ಟ:

‘ರಾಹುಕಾಲ! ಎಬ್ಬಿಸೋಕೆ ಯಾರೇ ಬರ್ಲಿ, ಏಳೋ ಟೈಮು ಮಾತ್ರ ನಂದು! ಇದು ಕಶ್ಯಪನ ಕರ್ನೆಲ್ಲು!’ ಕೆಳಗೆ ತನ್ನ ಫೋನ್ ನಂಬರು.

ಭಾನುವಾರ ಬೆಳಿಗ್ಗೆ ಎರಡೂ ಬ್ರಾಂಚಿನಲ್ಲಿ ಹಾಕಿದ. ಯಂತ್ರ ಚಿಟಿಕೆ ಹೊಡೆಯುವಷ್ಟರಲ್ಲಿ ಎದ್ದು ನಿಂತಿತು. ಡೊಂಬಿವಲಿಯ ಗಲ್ಲೆ ನೋಡಿಕೊಳ್ಳುವ ಊರ್ಮಿಳಾ ಅತ್ತೆ ಅವನ ದೃಷ್ಟಿ ತೆಗೆದರು. ಮಾವ ಅಂದು ಸಂಜೆಯೊಳಗೆ ಠಾಣೆಯಿಂದ ಕಲ್ಯಾಣದವರೆಗಿನ ಅಷ್ಟೂ ಹೋಟೆಲಿನವರಿಗೆ ಫೋನ್ ಮಾಡಿ, “ನಮ್ಮ ಹುಡುಗ ಸ್ವಂತದ್ದು ಮಾಡಿದ್ದಾನೆ, ಅಮೆರಿಕದ್ದಲ್ಲ” ಎಂದು ಹೇಳಿ ಮುಗಿಸಿದರು.

ಹೀಗಾಗಿ ಗುರುವಾರ ಸಂಜೆ ಹೋಟೆಲ್ ಮಾಲೀಕರ ಸಂಘದ ಅಧ್ಯಕ್ಷರಾದ ಪುಂಡರೀಕಾಕ್ಷ ರಾಯರು ಖುದ್ದು ನೋಡಲು ಬಂದರು. ಅವರು ಹೂಂ ಅಂದರೆ ಸಂಘದ ಎಲ್ಲ ಹೋಟೆಲುಗಳಿಗೂ ಕಶ್ಯಪನ ಕರ್ನೆಲ್. ಘಣಸೋಲಿಯ ಹೆಡ್‌ಫೋನಿಗೆ ಶಾಶ್ವತ ವಿದಾಯ. ಉಹೂಂ ಅಂದರೆ ಹೋಗುವುದು ಕಶ್ಯಪನ ಮಾನ ಮಾತ್ರವಲ್ಲ, ಊರೆಲ್ಲ ಫೋನ್ ಮಾಡಿದ ಮಾವನ ಮಾತೂ ಹೌದು.

ರಾಯರ ಜೊತೆ ಮಗಳು ಶ್ರೀವಾಣಿಯೂ ಬಂದಿದ್ದಳು. ಸೀವುಡ್ಸ್‌ನಲ್ಲಿ ಮನೆ, ಇದೇ ಕರ್ನೆಲ್ಲುಗಳನ್ನು ಕಟ್ಟಿ ಕಳಿಸುವ ಆಫೀಸಿನಲ್ಲಿ ದೊಡ್ಡ ಕೆಲಸ. ಈ ಎರಡನೆಯ ವಿಷಯವನ್ನು ಮಾವ ಕಶ್ಯಪನಿಗೆ ಹೇಳಿರಲಿಲ್ಲ, ಏಕೆಂದರೆ ಅವರಿಗೂ ಗೊತ್ತಿರಲಿಲ್ಲ.

ಗುರುವಾರವೆಂದರೆ ಠಾಣೆಯಲ್ಲಿ ಮೀನು ಕೋಳಿ ಮುಟ್ಟದವರ ದಿನ. ಸಂಜೆ ಏಳಕ್ಕೆ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಿಲ ಹೊರಗೂ ಜನ ನಿಂತಿದ್ದರು. ಭೀಮು ಎರಡು ಕೈಯಲ್ಲಿ ಆರು ಮಸಾಲೆ ದೋಸೆ ಹಿಡಿದು ಸರ್ಕಸ್ ಮಾಡುತ್ತಿದ್ದ.

“ಹಳೇ ಕರ್ನೆಲ್ ಒಂದು ಇಟ್ಕೊಂಡಿದ್ದೀರಲ್ಲಾ? ಬ್ಯಾಕಪ್‌ಗೆ?” ಶ್ರೀವಾಣಿ ಗೋಳಿಬಜೆ ಮುರಿಯುತ್ತ ಸಹಜವಾಗಿ ಕೇಳಿದಳು.

ಕಶ್ಯಪ ಕಾಲರ್ ಸರಿಮಾಡಿಕೊಂಡ. “ಮೇಡಂ, ನಮ್ಮಲ್ಲಿ ನಿನ್ನೆಯ ಸಾಂಬಾರು ಇಡೋ ಕ್ರಮ ಇಲ್ಲ.”

ಶ್ರೀವಾಣಿಯ ಕೈಯಲ್ಲಿ ಗೋಳಿಬಜೆ ಅಲ್ಲೇ ನಿಂತಿತು. “ಹಾಂ?”

“ಸಿಂಹ ಹಿಂದೆ ತಿರುಗಿ ನೋಡಲ್ಲ ಮೇಡಂ. ಎದ್ದರೆ ಒಂದೇ ಏಟಿಗೆ ಏಳುತ್ತೆ. ನೋಡ್ತೀರಾ?”

ಮಾವ ಗೋಡೆಯ ಕ್ಯಾಲೆಂಡರಿನತ್ತ ಒಮ್ಮೆ ಕಣ್ಣು ಹಾಯಿಸಿದರು. ಮಧ್ಯಾಹ್ನ ಒಂದೂವರೆಗೆ ಶುರುವಾಗುವ ಗುರುವಾರದ ರಾಹುಕಾಲ ಮೂರಕ್ಕೇ ಮುಗಿದಿತ್ತು. “ತೋರಿಸು, ತೋರಿಸು” ಎಂದರು, ಎದೆ ಉಬ್ಬಿಸಿ.

ಕಶ್ಯಪ ಗಲ್ಲೆಯ ಮುಂದೆ ನಿಂತು, ಸುತ್ತ ಒಮ್ಮೆ ನೋಡಿ, ಕ್ಲೈಮ್ಯಾಕ್ಸಿನಲ್ಲಿ ಬಾಂಬಿನ ತಂತಿ ಕತ್ತರಿಸುವವನ ಗತ್ತಿನಲ್ಲಿ ಬಟನ್ ಒತ್ತಿದ. ಯಂತ್ರ ಆರಿತು. ಯಂತ್ರ ಹೊತ್ತಿತು. ಒಂದು ಸಾಲು ಓಡಿತು, ಎರಡು ಸಾಲು ಓಡಿತು. ಆಮೇಲೆ ಗಲ್ಲೆಯ ಮೇಲೂ, ಗಿರಾಕಿಗಳ ದೊಡ್ಡ ಪರದೆಯ ಮೇಲೂ, ಬಿಳಿ ಅಕ್ಷರ ನಿಂತವು.

ರಾಹುಕಾಲ! ಎಬ್ಬಿಸೋಕೆ ಯಾರೇ ಬರ್ಲಿ...

ಹೋಟೆಲಿನ ಗದ್ದಲ ಮೆಲ್ಲನೆ ಇಳಿಯಿತು. ಇಂಗ್ಲಿಷ್ ಅಕ್ಷರ ಎಲ್ಲರಿಗೂ ಓದಲು ಬರುತ್ತಿತ್ತು, ಭಾಷೆ ಮಾತ್ರ ಗಿರಾಕಿಗಳಿಗೆ ಗೊತ್ತಾಗಲಿಲ್ಲ. ಮೂಲೆಯ ಟೇಬಲ್ಲಿನ ಕಾಲೇಜು ಹುಡುಗರು ಜೋರಾಗಿ ಓದಿ, “ಯೇ ಕ್ಯಾ ಲಿಖಾ ಹೈ, ಭೀಮು ಭಾಯ್?” ಎಂದರು.

ವಿಜಯಪುರದ ಭೀಮುವಿಗೆ ಜೀವನದಲ್ಲಿ ಮೊದಲ ಬಾರಿಗೆ ಸಭೆಯೊಂದು ಸಿಕ್ಕಿತ್ತು. ದೋಸೆಗಳನ್ನು ಇಳಿಸಿ, ಗಂಟಲು ಸರಿಮಾಡಿಕೊಂಡು ಹಿಂದಿಯಲ್ಲಿ ಘೋಷಿಸಿದ: “ಕೌನ್ ಭೀ ಉಠಾನೇ ಆವೋ, ಉಠನೇಕಾ ಟೈಮ್ ಮೇರಾಚ್ ಹೈ! ಯೇ ಕಶ್ಯಪ್ ಸಾಹೇಬ್ ಕಾ ಕರ್ನೆಲ್ ಹೈ!” ಎಂದು ಹೇಳಿ, ಯಾರಿಗೂ ಅನುಮಾನ ಉಳಿಯಬಾರದೆಂದು ಕಶ್ಯಪನತ್ತ ಕೈಯನ್ನೂ ತೋರಿಸಿದ.

ಸೀಟಿ ಬಿತ್ತು.

“ಎಂತ ಇದು?” ಮಾವನ ಸ್ವರ ಕೆಳಗಿಳಿದಿತ್ತು.

“ಅದು... ಸರ್ವರ್ ಡೌನ್ ಇರಬೇಕು ಮಾವ.”

“ರಾಹುಕಾಲ ಅಂತ ಬರೆದಿದೆಯಲ್ಲ ಮಾರಾಯ! ರಾಹುಕಾಲ ಮೂರು ಗಂಟೆಗೇ ಮುಗಿದಿದೆ!”

ಪ್ರತಿ ಗುರುವಾರ ಉಪವಾಸ ಮುರಿಯಲು ಬರುವ ಮರಾಠಿ ಅಜ್ಜ, ಎಲ್ಲರ ಪಾಲಿನ ಅಜೋಬಾ, ಎದ್ದು ನಿಂತು ಕನ್ನಡಕ ಏರಿಸಿದರು. “ಅಹೋ ಶೇಟ್, ರಾಹೂಕಾಳ್ ತರ್ ದುಪಾರೀಚ್ ಸಂಪ್ಲಾ!” ಮಧ್ಯಾಹ್ನವೇ ಮುಗಿದಿದೆ ಎಂಬುದಕ್ಕೆ ಸಾಕ್ಷಿಯಾಗಿ ಅವರು ಗೋಡೆಯ ಕ್ಯಾಲೆಂಡರನ್ನೇ ಮೊಳೆಯಿಂದ ಕಿತ್ತು ತಂದರು. ಪಕ್ಕದ ಟೇಬಲ್ಲಿನ ಹೆಂಗಸು, ಕಂಪ್ಯೂಟರ್ ಹೇಳಿದ ಮೇಲೆ ಸುಳ್ಳಿರಲಾರದು ಎಂದು ವಾದಿಸಿದಳು. ಆ ದಿನವೇ ಹೊಸ ಸ್ಕೂಟರ್ ತಗೊಂಡು ಪೇಡಾ ಹಂಚಲು ಬಂದಿದ್ದ ಒಬ್ಬ ಗೃಹಸ್ಥ ಪೇಡಾದ ಡಬ್ಬಿ ಮುಚ್ಚಿ, ಬಾಗಿಲ ಬಳಿ ಹೋಗಿ ಸ್ಕೂಟರನ್ನು ಅನುಮಾನದಿಂದ ನೋಡತೊಡಗಿದ.

ಅಷ್ಟರಲ್ಲಿ ಕಶ್ಯಪನ ಫೋನು ಹೊಡೆದುಕೊಂಡಿತು. ಡೊಂಬಿವಲಿಯಿಂದ ಊರ್ಮಿಳಾ ಅತ್ತೆ.

“ಕಶ್ಯಪ, ಇಲ್ಲಿ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿದೆ ಮಾರಾಯ. ಎಂತ ಮಾಡ್ಲಿ?”

ಮನುಷ್ಯನಿಗೆ ಗಾಬರಿಯಾದಾಗ ಬಾಯಿಗೆ ಬರುವುದು ಅಭ್ಯಾಸವಾದ ಮಾತೇ. “ಒಂದ್ಸಲ ಆಫ್ ಮಾಡಿ ಆನ್ ಮಾಡಿ ಅತ್ತೆ” ಎಂದು ಹೇಳಿ ಫೋನ್ ಇಟ್ಟ. ಇಟ್ಟ ಮೇಲೆ, ತಾನು ಹೇಳಿದ್ದೇನು ಎಂದು ತಿಳಿಯಿತು. ಮತ್ತೆ ಫೋನ್ ಮಾಡಿದ. ಆ ಕಡೆಯಿಂದ ಬಂದದ್ದು ಒಂದೇ ಮಾತು, ಅದೂ ತುಳುವಿನಲ್ಲಿ:

“ಎನ್ನ ದೇವೆರೇ!”

ಅತ್ತೆ ಆಫ್ ಮಾಡಿದ್ದು ಪ್ರಿಂಟರನ್ನಲ್ಲ, ಕಂಪ್ಯೂಟರನ್ನು. ಡೊಂಬಿವಲಿಯ ಯಂತ್ರವೂ ಮಲಗಿತ್ತು.

ಇಲ್ಲಿ ಅಡುಗೆಮನೆಗೆ ಚೀಟಿ ಹೋಗುವುದು ನಿಂತಿತ್ತು, ಗಿರಾಕಿಗೆ ಬಿಲ್ಲು ಬರುವುದು ನಿಂತಿತ್ತು, ಬಾಗಿಲ ಹೊರಗಿನ ಸಾಲು ಮಾತ್ರ ನಿಂತಿರಲಿಲ್ಲ. ಭೀಮು ಗಲ್ಲೆಗೆ ಬಂದ. “ಸಾಹೇಬ್ರ, ಬಿಲ್ಲ ಬರವಲ್ದ್ರಿ. ಮಷೀನ್ ಮಕ್ಕೊಂಡೈತಿ. ಮಾರಿಗೆ ಒಂದೀಟು ನೀರು ಗೊಜ್ಜಲೇನ್ರಿ?”

“ದೂರ ಹೋಗೋ!” ಎಂದ ಕಶ್ಯಪ. ಬೆವರು ಕಣ್ಣಿಗಿಳಿಯುತ್ತಿತ್ತು. ಅವನಿಗೊಂದು ಉಪಾಯ ಹೊಳೆಯಿತು. ಯಂತ್ರದ ಗಡಿಯಾರವನ್ನೇ ತಿರುಗಿಸಿಬಿಟ್ಟರೆ? ಇವತ್ತು ರಾಹುಕಾಲವಾದರೆ ನಾಳೆಗೆ ಹೋಗೋಣ! ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆ ಎಂದು ಒತ್ತಿ, ಮತ್ತೆ ಎಬ್ಬಿಸಿದ.

ರಾಹುಕಾಲ! ಎಬ್ಬಿಸೋಕೆ ಯಾರೇ ಬರ್ಲಿ...

“ಏನ್ ಒತ್ತಿದಿ ನೀನು?” ಮಾವ.

“ನಾಳೆ ಹನ್ನೊಂದು ಗಂಟೆ.”

“ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ, ಮಂಗ! ನಾನು ಬಾಯಿಪಾಠ ಮಾಡಿಸಿದ್ದು ಯಾರಿಗೆ, ಗೋಡೆಗಾ? ಗಡಿಯಾರ ಮೊದಲಿನ ಹಾಗೆ ಮಾಡು. ಮಾಡಿ ಕೈ ತೆಗಿ. ಇನ್ನೊಮ್ಮೆ ಮುಟ್ಟಿದ್ರೆ ಸೌಟಿನಲ್ಲಿ ಕೊಡ್ತೇನೆ.”

ಕಶ್ಯಪ ಗಡಿಯಾರ ಸರಿಮಾಡಿ ಕೈ ತೆಗೆದ. ತೆಗೆದ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಜೇಬಿನಲ್ಲಿಟ್ಟರೆ ವಿಸಿಟಿಂಗ್ ಕಾರ್ಡು ಚುಚ್ಚಿತು. ಅದೇ ಹೊತ್ತಿಗೆ ಫೋನು ಮತ್ತೆ ಹೊಡೆದುಕೊಂಡಿತು, ಗೊತ್ತಿಲ್ಲದ ನಂಬರು.

“ಹಲೋ, ಕರ್ನೆಲ್ ಇಂಜಿನಿಯರ್ ಸಾಬ್? ಟೇಬಲ್ ನಂಬರ್ ಚಾರ್ ಪೇ ಪಾನಿ ಭೇಜೋ ನಾ.”

ತಲೆಯೆತ್ತಿ ನೋಡಿದ. ಮೂಲೆಯ ಟೇಬಲ್ಲಿನ ಕಾಲೇಜು ಹುಡುಗರು ಕೈ ಬೀಸಿದರು. ಪರದೆಯ ಮೇಲೆ ಅವನದೇ ನಂಬರು, ಅವನೇ ಆರಿಸಿದ ದಪ್ಪಕ್ಷರದಲ್ಲಿ ಮಿನುಗುತ್ತಿತ್ತು. ನೆಲ ಬಾಯಿ ಬಿಡಬಾರದೇ ಎಂದುಕೊಂಡ. ನೌಪಾಡಾದ ನೆಲದಲ್ಲಿ ಅಷ್ಟೂ ಜಾಗವಿರಲಿಲ್ಲ.

ಶ್ರೀವಾಣಿ ಈ ಹೊತ್ತೆಲ್ಲ ಪರದೆಯ ಸಾಲುಗಳನ್ನು ಓದುತ್ತಿದ್ದವಳು ಈಗ ಕೈ ಒರೆಸಿಕೊಂಡು ಹತ್ತಿರ ಬಂದಳು.

“ಕಶ್ಯಪ್, ಕೋಪ ಮಾಡ್ಕೋಬೇಡಿ. ಈ ಚೆಕ್ಕು ನಡೆಯೋದು ಯಂತ್ರ ಪೂರ್ತಿ ಏಳೋ ಮೊದಲು ಅಲ್ವಾ? ಆಗ ಅದಕ್ಕೆ ತಾನು ಇಂಡಿಯಾದಲ್ಲಿದ್ದೀನಿ ಅಂತಾನೇ ಗೊತ್ತಿರಲ್ಲ. ಅದು ನೋಡೋದು ಲಂಡನ್ ಕಡೆಯ ಟೈಮು. ಇಲ್ಲಿ ಸಂಜೆ ಏಳಾದ್ರೆ ಅಲ್ಲಿ ಮಧ್ಯಾಹ್ನ ಒಂದೂವರೆ.”

ಕಶ್ಯಪನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಮಾವನಿಗೆ ಅದೂ ಬೇಕಾಗಲಿಲ್ಲ.

“ಅಂದ್ರೆ,” ಮಾವ ನಿಧಾನವಾಗಿ ಹೇಳಿದರು, “ನಮ್ಮ ಹೋಟೆಲಿನಲ್ಲಿ ಈಗ ನಡೆಯುತ್ತಾ ಇರುವುದು ಲಂಡನ್ನಿನ ರಾಹುಕಾಲ?”

“ಹೌದು ಅಂಕಲ್. ನಮ್ಮ ಎಂಟೂವರೆಗೆ ಮುಗಿಯುತ್ತೆ.”

ಲಂಡನ್ ಎಂಬ ಶಬ್ದ ಹೋಟೆಲಿನ ಉದ್ದಗಲ ಓಡಾಡಿತು. ಅಜೋಬಾ ಕ್ಯಾಲೆಂಡರನ್ನು ಗೌರವದಿಂದ ಮತ್ತೆ ಮೊಳೆಗೆ ತಗುಲಿಹಾಕಿದರು, ಅದರ ತಪ್ಪಿರಲಿಲ್ಲ. ಸ್ಕೂಟರಿನ ಗೃಹಸ್ಥ ಪೇಡಾದ ಡಬ್ಬಿ ತೆರೆದ.

“ಗಡಿಯಾರ ಎರಡು ಗಂಟೆ ಮುಂದೆ ಮಾಡಿ ಎಬ್ಬಿಸಿಬಿಡೋಣ. ಎದ್ದ ಮೇಲೆ ಸರಿಮಾಡಿದ್ರಾಯ್ತು. ಒಂದೇ ನಿಮಿಷ” ಎಂದಳು ಶ್ರೀವಾಣಿ.

ಮಾವ ಕೈ ಅಡ್ಡ ಹಿಡಿದರು. “ಬೇಡಮ್ಮ.”

“ಯಾಕೆ ಅಂಕಲ್?”

“ಲಂಡನ್ನಿನದ್ದಾದ್ರೂ ಎಂತ? ರಾಹು ಒಬ್ಬನೇ ಅಲ್ವಾ? ಗೊತ್ತಾದ ಮೇಲೆ ಮೀರ್ಲಿಕ್ಕೆ ನಂಗೆ ಧೈರ್ಯ ಇಲ್ಲ.”

ಪುಂಡರೀಕಾಕ್ಷ ರಾಯರು ಕುರ್ಚಿಯಿಂದ ಎದ್ದು ಗಲ್ಲೆಯ ಹತ್ತಿರ ಬಂದರು. “ವಿಷ್ಣುಮೂರ್ತಿ, ಸಂಘದ ಎಲ್ಲ ಹೋಟೆಲಿಗೂ ಹಾಕಿಸುವ ಮಷೀನು ಇದೇ ಅಲ್ಲವಾ? ಗುರುವಾರ ಸಂಜೆ ಠಾಣೆಯಿಂದ ಪನ್ವೇಲಿನವರೆಗೆ ಎಲ್ಲರೂ ಒಟ್ಟಿಗೇ ಮಲಗ್ಬಹುದಿತ್ತು. ಯಾರು ಮಾಡಿದ್ದು ಈ ರಾಹುಕಾಲದ ಕೆಲಸ?”

ಕಶ್ಯಪನ ಬಾಯಲ್ಲಿ ಹಲವು ಸುಳ್ಳು ರೆಡಿಯಿದ್ದವು. ಕರೆಂಟು, ವೈರಸ್ಸು, ಚೀನಾ. ಯಾವುದನ್ನು ಮೊದಲು ಬಿಡಲಿ ಎಂದು ಅವನು ಆರಿಸುತ್ತಿರುವಾಗಲೇ ಮಾವ ಹೇಳಿದರು.

“ನಾನು ರಾಯರೇ. ರಾಹುಕಾಲ ಹಾಕು ಅಂತ ಹೇಳಿದ್ದು ನಾನು. ಹಳೇದು ಬಿಸಾಡು ಅಂತ ಹೇಳಿದ್ದೂ ನಾನು. ಅವನು ನನ್ನ ಮಾತು ಕೇಳಿದ, ಅಷ್ಟೇ.”

ಹೋಟೆಲ್ ತುಂಬ ಜನ ನಕ್ಕಾಗ ಆಗದ ನಾಚಿಕೆ ಕಶ್ಯಪನಿಗೆ ಆಗ ಆಯಿತು. ಬೈದಿದ್ದರೆ ಬದುಕುತ್ತಿದ್ದ. ಸೌಟು ತೆಗೆದಿದ್ದರೆ ಓಡಬಹುದಿತ್ತು. ಇಡೀ ಠಾಣೆಗೆ ತನ್ನನ್ನು ಹೊಗಳಿ ಫೋನ್ ಮಾಡಿದ ಮನುಷ್ಯ, ಇಡೀ ಠಾಣೆಯ ಮುಂದೆ ತನ್ನ ತಪ್ಪನ್ನು ತಮ್ಮ ತಲೆಮೇಲೆ ಹಾಕಿಕೊಂಡು ನಿಂತರೆ ಏನು ಮಾಡುವುದು? ಕಿವಿಯಿಂದ ಕುತ್ತಿಗೆಯವರೆಗೆ ಕಾಯಿಸಿದ ಕಾವಲಿಯಾಯಿತು.

“ಸುಳ್ಳು, ರಾಯರೇ,” ಎಂದ, ಗಲ್ಲೆಯ ಮರೆಯಿಂದ ಹೊರಗೆ ಬಂದು. ಸ್ವರ ನೊಣದ ಸದ್ದಿನಷ್ಟಿತ್ತು. “ಮಷೀನು ನನ್ನ ಕೇಳ್ತು. ಹಳೇದು ಇರ್ಲಿ ಅಂತ. ಬಾಯಿ ಮುಚ್ಚಿಸಿದ್ದು ನಾನು. ಲಂಡನ್ ಟೈಮಿನ ಸಂಗತಿ ನಂಗೆ ಗೊತ್ತೇ ಇರ್ಲಿಲ್ಲ. ಕರ್ನೆಲ್ ಇಂಜಿನಿಯರ್ರೂ ಅಲ್ಲ ನಾನು. ಆಫ್ ಮಾಡಿ ಆನ್ ಮಾಡಿ ಅಂತ ಹೇಳೋನು.”

“ಆವಾಜ್ ಊಂಚಾ!” ಮೂಲೆಯಿಂದ ಹುಡುಗರು ಕೂಗಿದರು.

“ಅದನ್ನ ಹಿಂದಿಯಾಗ ಹೇಳಲೇನ್ರಿ ಸಾಹೇಬ್ರ?” ಎಂದು ಭೀಮು ಕಾತರದಿಂದ ಕೇಳಿದ.

ಎಂಟೂವರೆಯವರೆಗೆ ಕಶ್ಯಪ ಬಾಗಿಲಲ್ಲಿ ನಿಂತ. ಬಿಲ್ಲಿಲ್ಲದ ಕಾರಣ, ಹೊರಡುವ ಪ್ರತಿಯೊಬ್ಬರಿಗೂ ಕೈ ಮುಗಿದು, “ಏನು ತಿಂದ್ರಿ?” ಎಂದು ಕೇಳುವ ಕೆಲಸ. ಅಜೋಬಾ ತಿಂದದ್ದನ್ನೂ, ಹೆಂಡತಿಯ ತಟ್ಟೆಯಿಂದ ಕದ್ದದ್ದನ್ನೂ ಸೇರಿಸಿ ಹೇಳಿದರು. ಕಾಲೇಜು ಹುಡುಗರು ಗಲ್ಲಕ್ಕೆ ಚಟ್ನಿ ಮೆತ್ತಿಕೊಂಡು, “ಸಿರ್ಫ್ ಕಟಿಂಗ್” ಎಂದು ಟೀ ಮಾತ್ರ ಕುಡಿದವರ ಮುಖ ಮಾಡಿದರು. ಕಶ್ಯಪ ತಲೆ ಎತ್ತಲಿಲ್ಲ. ತಲೆ ಎತ್ತಿದರೆ ಎದುರಿಗೇ ಆ ಪರದೆ, ಏಳೋ ಟೈಮು ಮಾತ್ರ ನಂದು ಎನ್ನುತ್ತಿತ್ತು. ಪೇಡಾ ಹಂಚುತ್ತ ಬಂದ ಗೃಹಸ್ಥ ಅವನ ಕೈಗೂ ಒಂದನ್ನಿಟ್ಟ. ಅದನ್ನು ತಿನ್ನುವ ಯೋಗ್ಯತೆ ತನಗಿದೆಯೇ ಎಂದು ಯೋಚಿಸುತ್ತ ಹಿಡಿದುಕೊಂಡೇ ನಿಂತ, ಪೇಡಾ ಕರಗಿತು.

ಎಂಟೂವರೆಗೆ ಸರಿಯಾಗಿ ಯಂತ್ರ ತಾನಾಗಿ ಎದ್ದಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಆ ಹುಡುಗರ ಹೊರತು.

ಜನ ಕರಗಿದ ಮೇಲೆ ಶ್ರೀವಾಣಿ ಗಲ್ಲೆಯಲ್ಲಿ ಕೂತು, ಎಲ್ಲರೂ ಬಳಸುವ ಮಾಮೂಲಿ ಕರ್ನೆಲ್ಲನ್ನು ಇಳಿಸಿ ಹಾಕಿದಳು. ರಾಯರು ಮಾವನ ಪಕ್ಕ ಕಾಪಿ ಹಿಡಿದು ಕೂತಿದ್ದರು. ಸಂಘದ ಮಾತು ಯಾರೂ ಎತ್ತಲಿಲ್ಲ; ಎತ್ತದಿರುವುದೇ ಉತ್ತರ ಎಂದು ಕಶ್ಯಪನಿಗೆ ತಿಳಿಯಿತು. ಕಾರ್ಡನ್ನು ದೇವರ ಫೋಟೋದ ಪಕ್ಕದಿಂದ ಯಾರೂ ನೋಡದಂತೆ ತೆಗೆದು ಜೇಬಿಗಿಳಿಸಿದ. ದೇವರೊಬ್ಬ ನೋಡಿದ.

ಕೊನೆಗೆ ಪರದೆ ಒಂದು ಪ್ರಶ್ನೆ ಕೇಳಿತು. ಶ್ರೀವಾಣಿ ಅದನ್ನು ಜೋರಾಗಿ ಓದಿದಳು. “ಅಂಕಲ್, ಈಗ ಹಳೇದು ಅಂದ್ರೆ ಕಶ್ಯಪನ ಕರ್ನೆಲ್ಲು. ಇಟ್ಕೊಳ್ಳೋದಾ, ತೆಗೆಯೋದಾ ಅಂತ ಕೇಳ್ತಿದೆ.”

ಈ ಹೋಟೆಲಿನ ಕಾನೂನು ಕಶ್ಯಪನಿಗೆ ಗೊತ್ತಿತ್ತು. ಅವನೇ ಬರೆದಿದ್ದನಲ್ಲ.

ಮಾವ ಪರದೆಯನ್ನು ನೋಡಿದರು. ಆಮೇಲೆ ಅಳಿಯನನ್ನು, ಅವನ ಅಂಗೈಗೆ ಮೆತ್ತಿದ ಪೇಡಾವನ್ನು ನೋಡಿದರು. ಕಾಪಿ ಲೋಟ ಕೆಳಗಿಟ್ಟರು.

“ಇರ್ಲಿ ಬಿಡು.”

“ಮಾವ, ನಿನ್ನೆಯ ಸಾಂಬಾರು...” ಕಶ್ಯಪ ತೊದಲಿದ.

“ಹಳಸಿದ್ದನ್ನು ಬಿಸಾಡ್ಬೇಕು. ಇದು ಹಳಸಿದ್ದಲ್ಲ ಮಾರಾಯ. ಬೆಂದಿಲ್ಲ, ಅಷ್ಟೇ.”

ಕಶ್ಯಪ ಕಣ್ಣು ಎಲ್ಲಿಡಬೇಕೆಂದು ತಿಳಿಯದೆ, ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದ. ಅದು ಸೊಟ್ಟಗೆ ತೂಗುತ್ತಿತ್ತು. ಕೈ ಒರೆಸಿಕೊಂಡು ಅದನ್ನು ನೆಟ್ಟಗೆ ಮಾಡಿದ. ಹಿಂದಿನಿಂದ ಭೀಮು ಚಹಾದ ಗ್ಲಾಸು ಹಿಡಿದು ಬಂದು ಪಕ್ಕದಲ್ಲಿ ನಿಂತ. ಕೊಡಲಿಲ್ಲ, ಸುಮ್ಮನೆ ನಿಂತೇ ಇದ್ದ.

“ಕೊಡೋ, ಏನ್ ನೋಡ್ತೀ?”

“ಕೊಡಾಕ ಬಂದೇನ್ರಿ ಸಾಹೇಬ್ರ,” ಎಂದ ಭೀಮು, ಅತ್ಯಂತ ವಿನಯದಿಂದ. “ಮೊದ್ಲ ಒಂದ್ ಮಾತ್ ಹೇಳ್ರಿ. ಲಂಡನ್ನಾಗ ಈಗ ಟೈಮ್ ಎಷ್ಟ್ರಿ?”